ರಿಪೋರ್ಟ್ ತುಂಬಾ ‘ಆರ್’, ಇನ್ನು ಮದ್ದೇ ಇಲ್ವಾ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 71. ಅಂಗಳದ ಹಾವಸೆಗೆ ಜಾರಿ ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಆರನೇ ದಿನ ನಡುಕ, ಜ್ವರ. ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬಂದಿದೆ. 14 ಮದ್ದಿಗೆ ‘ಆರ್’, ಅಮಿಕಾಸಿನ್‌ಗೆ ಮಾತ್ರ ‘ಎಸ್’, ಕೊಲಿಸ್ಟಿನ್‌ಗೆ ‘ಐ’. ಅಮ್ಮನಿಗೆ ಶಕ್ತಿ ಇಲ್ಲದೆ ಮದ್ದು ಹಿಡಿಯುತ್ತಿಲ್ಲವಾ? ದುಬೈಯಲ್ಲಿರುವ ಅಣ್ಣ ಫೇಜ್ ಚಿಕಿತ್ಸೆಯ ವಿಡಿಯೋ ಕಳಿಸಿದ್ದಾನೆ. ಅಮೃತಬಳ್ಳಿ ಕಷಾಯ ಕೊಡಬಹುದಾ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ‘ಆರ್’ ಅಂದರೆ ಆ ಮದ್ದಿಗೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ, ‘ಎಸ್’ ಅಂದರೆ ಬಗ್ಗುತ್ತದೆ, ‘ಐ’ ಅಂದರೆ ಎರಡರ ನಡುವೆ. ‘ಆರ್’ ಬಂದಿರುವುದು ಅಮ್ಮನಿಗಲ್ಲ, ಆ ಬ್ಯಾಕ್ಟೀರಿಯಾಕ್ಕೆ. ಮದ್ದನ್ನೇ ಒಡೆದು ಹಾಕುವ ಕಿಣ್ವ ಅದರ ಬಳಿ ಇರುತ್ತದೆ, ಆ ವಿದ್ಯೆಯನ್ನು ಅಕ್ಕಪಕ್ಕದ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತದೆ. ಎಷ್ಟು ‘ಆರ್’ ಅಂತ ಲೆಕ್ಕ ಹಾಕಬೇಡಿ. ಒಂದು ‘ಎಸ್’ ಇದೆಯಲ್ಲ! ಅಮಿಕಾಸಿನ್ ಹಳೇ ಮದ್ದು, ಆದರೆ ಮೂತ್ರದಲ್ಲಿ ಚೆನ್ನಾಗಿ ಸೇರುತ್ತದೆ. ಕಿಡ್ನಿಗೂ ಕಿವಿಗೂ ಪೆಟ್ಟು ಕೊಡಬಹುದು, ಹಾಗಾಗಿ ಕ್ರಿಯೇಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಆಗಾಗ ನೋಡುತ್ತಾರೆ. ಕೊಡುವುದೋ ಬೇಡವೋ ಅಲ್ಲಿನ ಡಾಕ್ಟರೇ ಹೇಳಬೇಕು. ಕೊಲಿಸ್ಟಿನ್‌ನ ‘ಐ’ ನೋಡಿ ಗಾಬರಿ ಬೇಡ. 2020ರಿಂದ ಅನೇಕ ಲ್ಯಾಬ್‌ಗಳು ಪಾಲಿಸುವ ಅಮೆರಿಕದ ನಿಯಮದಲ್ಲಿ ಆ ಮದ್ದಿಗೆ ‘ಎಸ್’ ಎಂಬ ಅಕ್ಷರವೇ ಇಲ್ಲ.

ಫೇಜ್ ಸುಳ್ಳಲ್ಲ. ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್ ಅದು. 1896ರಲ್ಲೇ ಹ್ಯಾಂಕಿನ್ ಎಂಬವರು ಗಂಗೆ, ಯಮುನೆಯ ನೀರು ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುವುದನ್ನು ಕಂಡಿದ್ದರು. ಜಾರ್ಜಿಯಾದ ಟಿಬಿಲಿಸಿಯಲ್ಲಿ 1923ರಿಂದ ಇದಕ್ಕೆಂದೇ ಸಂಸ್ಥೆಯಿದೆ. 2016ರಲ್ಲಿ ಅಮೆರಿಕದ ಟಾಮ್ ಪ್ಯಾಟರ್ಸನ್ ಕೋಮಾದಿಂದ ಎದ್ದದ್ದೂ ಫೇಜ್ ಕೊಟ್ಟ ಮೇಲೆಯೇ. ಆದರೆ ಒಂದೊಂದು ಫೇಜ್‌ಗೆ ಒಂದೊಂದು ತಳಿಯೇ ಆಗಬೇಕು. ಅಮ್ಮನ ಮೂತ್ರದಲ್ಲಿರುವ ಕ್ಲೆಬ್ಸಿಯೆಲ್ಲಾಕ್ಕೆ ಹೊಂದುವುದನ್ನು ಹುಡುಕಬೇಕು, ಶುದ್ಧ ಮಾಡಬೇಕು. ಮದ್ದಿನಂಗಡಿಯಲ್ಲಿ ಸಿಗುವ ಸಾಮಾನಲ್ಲ ಅದು. ಅಮಿಕಾಸಿನ್ ಹಿಡಿಯುವಾಗ ಅದರ ಹಿಂದೆ ಓಡುವುದು ಯಾಕೆ?

ಕಷಾಯ ಈಗ ಬೇಡವೇ ಬೇಡ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದದ್ದು ಮುಂಬೈಯಲ್ಲಿ ವರದಿಯಾಗಿದೆ. ಕುಚ್ಚಲಕ್ಕಿ ಗಂಜಿ ಕೊಡಿ, ಸಾಕು.

ನೀವು ಕೇಳದ ಒಂದು ಮಾತು. ಮೂತ್ರದ ಪೈಪು ಇನ್ನೂ ಇದೆಯಾ? ಆ ಪೈಪೇ ಇವುಗಳಿಗೆ ದಾರಿ. ಮೈ ಒರೆಸುವಾಗ ನಮ್ಮವರು ಚೀಲ ಎತ್ತಿ ಮಂಚದ ಮೇಲೆ ಅಮ್ಮನ ಪಕ್ಕದಲ್ಲೇ ಇಡುತ್ತಾರೆ. ಒಳಗಿನ ಮೂತ್ರ ಹಾಗೇ ವಾಪಸ್ ಹೋಗುತ್ತದೆ. ಅದು ಯಾವತ್ತೂ ಸೊಂಟಕ್ಕಿಂತ ಕೆಳಗೆ ನೇತಾಡಬೇಕು, ನೆಲಕ್ಕೂ ತಾಗಬಾರದು. ಚೀಲ ಖಾಲಿ ಮಾಡುವ ಮೊದಲೂ ಆಮೇಲೂ ಕೈ ತೊಳೆಯಿರಿ. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್ ಹತ್ತಿರ ನೇರವಾಗಿ ಕೇಳಿ: ‘ಈ ಪೈಪು ಇವತ್ತು ತೆಗೆಯಬಹುದಾ?’