ಕರೆಂಟ್ ಹೋದಾಗ ಮನೆಗೂ ಬೆಟ್ಟದ ಕ್ಯಾಂಪಿಂಗ್‌ಗೂ ಒಂದೇ ಪವರ್ ಸ್ಟೇಷನ್ (ಎಲ್ಲಿಗಾದರೂ ಹೊತ್ತೊಯ್ಯಬಹುದಾದ ಬ್ಯಾಟರಿ ಪೆಟ್ಟಿಗೆ) ಸಾಕೇ? ಮನೆ ಚಿಕ್ಕಬಳ್ಳಾಪುರದಲ್ಲಿ.

ಸಾಕು, ಆದರೆ ಸಂಪ್‌ನಿಂದ ನೀರೆತ್ತುವ ಮೋಟಾರನ್ನು ಲೆಕ್ಕದಿಂದ ಬಿಟ್ಟುಬಿಡಿ. ಒಂದು ಎಚ್‌ಪಿ ಮೋಟಾರ್ ಚಾಲೂ ಆಗುವ ಕ್ಷಣದಲ್ಲಿ ಎಳೆಯುವ ವಿದ್ಯುತ್ತು ಅದರ ಸಾಮಾನ್ಯ ಬಳಕೆಯ ಹಲವು ಪಟ್ಟು. ಸಣ್ಣ ಯಂತ್ರ ಅಲ್ಲೇ ಕೈಚೆಲ್ಲುತ್ತದೆ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ವ್ಯಾಟ್‌ಗೆ ಮರುಳಾಗಬೇಡಿ. ಅದು ಒಮ್ಮೆಗೆ ಎಷ್ಟು ಹೊರೆ ಹೊರಬಲ್ಲದು ಎಂಬುದಷ್ಟೇ. ಎಷ್ಟು ಹೊತ್ತು ನಡೆಯುತ್ತದೆ ಎಂದು ಹೇಳುವುದು ವ್ಯಾಟ್-ಅವರ್. 500 ವ್ಯಾಟ್-ಅವರ್ ಎಂದಿದ್ದರೆ ನಷ್ಟ ಕಳೆದು ಸುಮಾರು 425 ಕೈಗೆ ಸಿಗುತ್ತದೆ. 75 ವ್ಯಾಟ್‌ನ ಹಳೆಯ ಫ್ಯಾನ್, ಎರಡು ಎಲ್‌ಇಡಿ ಬಲ್ಬ್, ವೈಫೈ ರೂಟರ್ ಸೇರಿದರೆ ನೂರು ವ್ಯಾಟ್ ಆಸುಪಾಸು, ಅಂದರೆ ನಾಲ್ಕು ಗಂಟೆ. ಫ್ಯಾನನ್ನು 30 ವ್ಯಾಟ್‌ನ ಬಿಎಲ್‌ಡಿಸಿಗೆ (ಕಡಿಮೆ ವಿದ್ಯುತ್ ಎಳೆಯುವ ಹೊಸ ಬಗೆಯ ಫ್ಯಾನ್) ಬದಲಿಸಿದರೆ ಏಳು ಗಂಟೆ! ದೊಡ್ಡ ಯಂತ್ರ ಕೊಳ್ಳುವ ಮುನ್ನ ಫ್ಯಾನ್ ಬದಲಿಸಿ ಎಂದೇ ನಾನು ಹೇಳುವುದು.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಆಗಿರಲಿ. ಬಾಳಿಕೆ ಹೆಚ್ಚು, ಬಿಸಿಲಿನ ಊರಿಗೆ ಸುರಕ್ಷಿತವೂ ಹೌದು. ಆದರೂ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಕ್ಯಾಂಪಿಂಗ್‌ಗೆ ಮಾತ್ರವಾದರೆ 300 ವ್ಯಾಟ್-ಅವರ್ ಧಾರಾಳ; ಹೊತ್ತುಕೊಂಡು ಬೆಟ್ಟ ಹತ್ತುವವರಿಗೆ ತೂಕವೇ ಮುಖ್ಯ. ಮನೆಗೆ ಮಾತ್ರವಾದರೆ ಮಾಮೂಲಿ ಇನ್ವರ್ಟರ್ ಮತ್ತು 150 ಎಎಚ್ ಬ್ಯಾಟರಿಯೇ ಅಗ್ಗ.

ಇನ್ನೊಂದು ಮಾತು: ಪವರ್ ಸ್ಟೇಷನ್ನಿನ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡಲು ಯಾವ ಕಾರಣಕ್ಕೂ ಹೋಗಬೇಡಿ. ವಿದ್ಯುತ್ ಹಿಮ್ಮುಖವಾಗಿ ಹರಿದು ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೇ ಕುತ್ತು ಬರಬಹುದು.