ತಿಂಗಳಿಗಾಗುವಷ್ಟು ಮಾಡಿಡಬೇಡಿ

ಅಂಗಡಿಯ ನಾಯಿ ಬಿಸ್ಕತ್ತಿನಲ್ಲಿ ಏನೇನು ರಾಸಾಯನಿಕ ಇರುತ್ತದೋ ಎಂಬ ಭಯ. ಅದಕ್ಕೇ ಲ್ಯಾಬ್ರಡಾರ್‌ಗೂ ಎರಡು ಬೆಕ್ಕುಗಳಿಗೂ ಒಗ್ಗುವ ಒಂದೇ ತಿಂಡಿಯನ್ನು ಮನೆಯಲ್ಲಿ ಮಾಡಿ, ತಿಂಗಳಿಗಾಗುವಷ್ಟು ಡಬ್ಬಿ ತುಂಬಿಡಬೇಕು, ಹಿಟ್ಟು ಗೋಧಿಯದೋ ರಾಗಿಯದೋ ಎಂದು ಕೇಳಿದ್ದೀರಿ. ಅದೂ ಚಿಕ್ಕಮಗಳೂರಿನಲ್ಲಿ, ಮಳೆಗಾಲ ಬಾಗಿಲಿಗೆ ಬಂದು ನಿಂತಿರುವಾಗ. ನಾನೂ ಇದನ್ನೇ ಮಾಡಿದವಳು.

ನಮ್ಮದು ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ. ಕೆಂಚ ಎಂಬ ನಾಟಿ ನಾಯಿ ಇದೆ. ಈಗಲೂ ಗಟ್ಟಿಮುಟ್ಟಾಗಿಯೇ ಇದೆ, ಹಾಗಾಗಿ ಗಾಬರಿಯಿಲ್ಲದೆ ಓದಿ. ಒಂದು ವರ್ಷ ಪೊಟ್ಟಣದ ಬಿಸ್ಕತ್ತು ನಿಲ್ಲಿಸಿ, ರಾಗಿ ಹಿಟ್ಟಿಗೆ ತುರಿದ ಸಿಹಿಗುಂಬಳ, ಮೊಟ್ಟೆ, ಚೂರು ಬೆಲ್ಲ ಸೇರಿಸಿ ನಾನೇ ಮಾಡತೊಡಗಿದೆ. ಬೇಸಿಗೆಯಿಡೀ ಎಲ್ಲವೂ ಸರಾಗವಾಗಿತ್ತು. ಓವನ್ ಹಚ್ಚಿದರೆ ಸಾಕು, ಕೆಂಚ ಜೊಲ್ಲು ಸುರಿಸುತ್ತ ಅಡುಗೆಮನೆಯ ಹೊಸ್ತಿಲಲ್ಲಿ ಹಾಜರು. "ನಾಯಿಗೆ ಕಜ್ಜಾಯ ಬೇರೆ ಕೇಡು" ಎಂದು ಅತ್ತೆ ಗೊಣಗುತ್ತಿದ್ದರು. ಬಂದವರಿಗೆಲ್ಲ ನಾನು ಡಬ್ಬಿ ತೆರೆದು ತೋರಿಸುತ್ತಿದ್ದೆ.

ಜುಲೈ ಬಂತು. ಬಟ್ಟೆ ಒಣಗದ, ಉಪ್ಪು ನೀರಾಗುವ ಜುಲೈ. ಬಿಸ್ಕತ್ತಿನ ಮೇಲ್ಮೈ ಗರಿಗರಿಯಾಗಿತ್ತು, ಒಳಗೆ ಕುಂಬಳದ ನೀರು ಹಾಗೇ ಉಳಿದಿತ್ತು. ಕರೆಂಟು ಹೋಗುವ ಮೊದಲೇ ಕೆಲಸ ಮುಗಿಸುವ ಅವಸರದಲ್ಲಿ ಉಗುರುಬೆಚ್ಚಗಿರುವಾಗಲೇ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿಬಿಟ್ಟೆ. ಒಳಗಿನ ಹಬೆ ಮುಚ್ಚಳಕ್ಕೆ ಹನಿಗಟ್ಟಿ ಮತ್ತೆ ಬಿಸ್ಕತ್ತಿನ ಮೇಲೆಯೇ ತೊಟ್ಟಿಕ್ಕಿತು. ಬೆಲ್ಲವಂತೂ ಗಾಳಿಯ ತೇವವನ್ನು ಎಳೆದುಕೊಳ್ಳುವುದರಲ್ಲಿ ನಿಸ್ಸೀಮ. ವಾರ ಕಳೆಯುವಷ್ಟರಲ್ಲಿ ತಳದ ಬಿಸ್ಕತ್ತುಗಳ ಮೇಲೆ ಬೂದು ಹಸಿರಿನ ಬೂಷ್ಟು ಎದ್ದಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಹೋಗಿದ್ದು ಒಂದು ಪಾವು ರಾಗಿ ಹಿಟ್ಟು ಅಷ್ಟೇ. ನಾನು ಮಾಡಿದ್ದು ಬೇರೆ. ಕಣ್ಣಿಗೆ ಕಂಡ ಬೂಷ್ಟಿನವನ್ನು ಆರಿಸಿ ಎಸೆದೆ. ಅಲ್ಲಲ್ಲಿ ಚುಕ್ಕೆ ಬಿದ್ದಿದ್ದವನ್ನು ಬಟ್ಟೆಯಲ್ಲಿ ಒರೆಸಿದೆ. ಉಳಿದವನ್ನೆಲ್ಲ ಕಾವಲಿಯ ಮೇಲೆ ಹರಡಿ ಚೆನ್ನಾಗಿ ಬಿಸಿ ಮಾಡಿದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೆತ್ತಗಾದ ಹಪ್ಪಳ, ಅವಲಕ್ಕಿ, ಕಡಲೆಕಾಯಿ ಬೀಜ ಎಲ್ಲಕ್ಕೂ ಒಂದೇ ಔಷಧ, ಬೆಂಕಿ ತೋರಿಸುವುದು. ಮೆತ್ತಗಾದದ್ದಕ್ಕೆ ಅದು ಸರಿ. ಬೂಷ್ಟು ಬಂದದ್ದಕ್ಕೆ ಸರಿಯಲ್ಲ. ಕಾವಿಗೆ ಬೂಷ್ಟು ಸಾಯುತ್ತದೆ, ಸಾಯುವ ಮುಂಚೆ ಅದು ಬಿಟ್ಟ ವಿಷ ಸಾಯುವುದಿಲ್ಲ. ಬೂಷ್ಟಿನ ವಿಷಗಳಲ್ಲಿ ಹೆಚ್ಚಿನವು ಮನೆಯ ಒಲೆಯ ಶಾಖಕ್ಕೆ ಜಗ್ಗುವಂಥವಲ್ಲ. ಮೇಲೆ ಕಾಣುವ ಹಸಿರನ್ನು ಒರೆಸಿದರೂ ಅದರ ಎಳೆಗಳು ಒಳಗೆ ಇಳಿದಿರುತ್ತವೆ. ಇದು ನನಗೆ ಗೊತ್ತಿಲ್ಲದ್ದೇನೂ ಆಗಿರಲಿಲ್ಲ ಎಂಬುದೇ ನಾಚಿಕೆಯ ಸಂಗತಿ. ಪಾರ್ಚ್‌ಮೆಂಟ್ ಕಾಫಿಯ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜದ, ತೇವಾಂಶ ಶೇ 10ಕ್ಕೆ ಇಳಿಯುವವರೆಗೆ ಕಣದಲ್ಲಿ ಹರಡಿ, ತಿರುವಿ, ಸಂಜೆ ಟಾರ್ಪಾಲು ಹೊದಿಸಿ ಕಾಯುವವರು ನಾವು. ಹಸಿ ಉಳಿದರೆ ಬೂಷ್ಟು, ಬೂಷ್ಟು ಬಂದರೆ ಓಕ್ರಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಎಂದು ಆಳುಗಳಿಗೆ ಪಾಠ ಹೇಳುವವಳೂ ನಾನೇ.

ಸಂಜೆ ಕೆಂಚನಿಗೆ ಒಂದು ಹಿಡಿ ಹಾಕಿದೆ. ರಾತ್ರಿ ಊಟದ ಹೊತ್ತಿಗೆ ಅದರ ಹಿಂಗಾಲು ನಡುಗುತ್ತಿತ್ತು. ಚಳಿ ಎಂದುಕೊಂಡೆವು. ಆಮೇಲೆ ಕಿವಿ, ತುಟಿ, ಪಕ್ಕೆಯ ಚರ್ಮ ಎಲ್ಲವೂ ಅದುರತೊಡಗಿದವು. ಲೋಟ ಇಟ್ಟ ಸದ್ದಿಗೂ ಮೈಯೆಲ್ಲ ಬೆಚ್ಚುತ್ತಿತ್ತು. ನಾಲಿಗೆ ಹೊರಗೆ ಹಾಕಿ ತೇಕುತ್ತಿತ್ತು, ಮುಟ್ಟಿದರೆ ಮೈ ಕಾದ ಹಂಚು. ಜೀಪಿನ ಹಿಂಬದಿಯಲ್ಲಿ ಮಲಗಿಸಿಕೊಂಡು ಮಳೆಯಲ್ಲೇ ಹಾಸನಕ್ಕೆ ಹೊರಟೆವು.

ವೈದ್ಯರು ಮೊದಲು ಕೇಳಿದ್ದು, "ತೋಟದಲ್ಲಿ ಬಸವನಹುಳುವಿಗೆ ಗುಳಿಗೆ ಇಟ್ಟಿದ್ದೀರಾ ಅಮ್ಮ?" ಆಫ್ರಿಕನ್ ಬಸವನಹುಳುವಿನ ಕಾಟಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆ ತಿಂದ ನಾಯಿಯೂ ಹೀಗೆಯೇ ನಡುಗುತ್ತದೆ. ಇಲ್ಲ ಎಂದೆ. "ಹೊರಗೆ ಏನಾದರೂ ತಿಂದಿತ್ತೇ?" ಸಾಧ್ಯವೇ ಇಲ್ಲ ಎಂದೆ. "ಮನೆಯಲ್ಲಿ ಏನು ಹಾಕಿದಿರಿ?" ನಾನು ಎದೆಯುಬ್ಬಿಸಿಕೊಂಡು, ಮನೆಯಲ್ಲೇ ಮಾಡಿದ ರಾಗಿ ಬಿಸ್ಕತ್ತು, ಅದರಲ್ಲೇನೂ ಇಲ್ಲ ಎಂದೆ. ಯಜಮಾನರು ಮೆಲ್ಲಗೆ, "ಬೂಷ್ಟು ಬಂದಿತ್ತಲ್ಲ, ಅದನ್ನೂ ಹೇಳು" ಎನ್ನುವ ತನಕ ವೈದ್ಯರು ಕೀಟನಾಶಕದ ದಾರಿಯಲ್ಲೇ ಹುಡುಕುತ್ತಿದ್ದರು. ನನ್ನ ಜಂಭಕ್ಕೆ ಅಷ್ಟು ಹೊತ್ತು ಪೋಲಾಯಿತು. ನಡುಕ ನಿಲ್ಲಿಸುವ ಚುಚ್ಚುಮದ್ದು, ಡ್ರಿಪ್, ಮೈ ತಣಿಸಲು ಒದ್ದೆ ಬಟ್ಟೆ. ನರಗಳನ್ನು ಕೆರಳಿಸುವ ಬೂಷ್ಟಿನ ವಿಷ ಇರಬೇಕು, ಹಳಸಿದ ಬ್ರೆಡ್ಡು, ತಿಪ್ಪೆಗೆಸೆದ ತಿಂಡಿ ತಿಂದ ನಾಯಿಗಳಲ್ಲಿ ಹೀಗಾಗುತ್ತದೆ ಎಂದರು. ಮರುದಿನ ಸಂಜೆಗೆ ಕೆಂಚ ತಾನೇ ಎದ್ದು ನಿಂತಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಂಗಡಿಯದೆಲ್ಲ ವಿಷ, ಮನೆಯದೆಲ್ಲ ಅಮೃತ ಎಂಬ ಲೆಕ್ಕವನ್ನು ಮೊದಲು ಬಿಡಿ. ಅಂಗಡಿಯ ಬಿಸ್ಕತ್ತು ತಿಂಗಳುಗಟ್ಟಲೆ ಕೆಡದಿರುವುದಕ್ಕೆ ದೊಡ್ಡ ಕಾರಣ ಅದನ್ನು ಎಲುಬಿನಂತೆ ಒಣಗಿಸಿರುತ್ತಾರೆ ಎಂಬುದು. ನಮ್ಮ ಓವನ್, ನಮ್ಮ ಮಳೆ, ನಮ್ಮ ಕರೆಂಟಿನಲ್ಲಿ ಅದು ಆಗುವ ಮಾತಲ್ಲ. ಫ್ರೀಜರಿನಲ್ಲಿಟ್ಟರಾಯಿತು ಎನ್ನುತ್ತೀರಿ. ಗಾಳಿಮಳೆಗೆ ಮರ ಬಿದ್ದು ಲೈನು ಹೋದರೆ ನಿಮ್ಮ ಫ್ರೀಜರ್ ಕೂಡ ಒಂದು ಕಪಾಟು.

ಬೆಕ್ಕಿಗೂ ನಾಯಿಗೂ ಒಂದೇ ತಿಂಡಿ ಎಂಬುದು ನಮ್ಮ ಅನುಕೂಲಕ್ಕೆ ನಾವು ಕಟ್ಟಿಕೊಂಡ ಮಾತು. ಬೆಕ್ಕು ಮಾಂಸವನ್ನೇ ನಂಬಿ ಬದುಕುವ ಪ್ರಾಣಿ. ಅದಕ್ಕೆ ಬೇಕೇಬೇಕಾದ ಟಾರಿನ್ ಎಂಬ ಪೋಷಕಾಂಶ ಸಿಗುವುದು ಮಾಂಸ, ಮೀನುಗಳಲ್ಲಿ, ಕುಂಬಳಕಾಯಿಯಲ್ಲಿ ಅಲ್ಲ. ಸಿಹಿ ರುಚಿ ತಿಳಿಯಲು ಬೇಕಾದ ಜೀನೇ ಅದರಲ್ಲಿ ಕೆಟ್ಟಿದೆ ಎಂದು 2005ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ನಿಮ್ಮ ಬೆಲ್ಲ ದಂಡ. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿಯ ಎಳೆಗಳನ್ನು ಬಿಡಿಸಿ ಕೊಡಿ, ಮುಗಿಯಿತು. ಈಲಿ (ಲಿವರ್) ಕೊಡಬಹುದು, ಆದರೆ ವಾರಕ್ಕೊಮ್ಮೆ ಚೂರು ಮಾತ್ರ. ದಿನವೂ ಹಾಕಿದರೆ ವಿಟಮಿನ್ ಎ ಹೆಚ್ಚಾಗಿ ಕತ್ತಿನ ಮೂಳೆಗಳೇ ಬೆಸೆದುಕೊಳ್ಳಬಹುದು. ಒಣಮೀನು ಕೊಡುವುದಿದ್ದರೆ ನೀರು ಬದಲಿಸಿ ನೆನೆಹಾಕಿ ಉಪ್ಪು ತೆಗೆಯಿರಿ.

ಬೇಯಿಸಿದರೆ ಹೋಗುತ್ತದೆ ಎಂಬ ನಂಬಿಕೆಯನ್ನು ಈರುಳ್ಳಿ, ಬೆಳ್ಳುಳ್ಳಿಯ ವಿಷಯದಲ್ಲೂ ಇಟ್ಟುಕೊಳ್ಳಬೇಡಿ. ಕೆಂಪು ರಕ್ತಕಣಗಳನ್ನು ಒಡೆಯುವ ಅದರ ಗುಣ ಬೆಂದರೂ ಒಣಗಿ ಪುಡಿಯಾದರೂ ಹೋಗದು. ಬೆಕ್ಕಿಗೆ ಇನ್ನೂ ಅಪಾಯ. ಸಾರಿನ ಪುಡಿ, ಸೂಪಿನ ಪೊಟ್ಟಣ ಬೆರೆಸಿ ರುಚಿ ಕಟ್ಟಲು ಹೋಗಬೇಡಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಸಕ್ಕರೆರಹಿತ ಎಂದು ಬರೆದ ಕಡಲೆಕಾಯಿ ಬೆಣ್ಣೆಯಲ್ಲಿ ಸಕ್ಕರೆಯ ಬದಲು ಹಾಕುವ ಕ್ಸೈಲಿಟಾಲ್ ಇದ್ದರೆ ಅದು ನಾಯಿಗೆ ಪ್ರಾಣಾಂತಕ. ಇನ್ನು ತೋಟದವರಾದರೆ ಕಾಫಿ ಹಣ್ಣಿನ ರಾಶಿಯಿಂದಲೂ ದೂರವಿಡಿ. ಸಿಪ್ಪೆಯ ಸಿಹಿಗೆ ಬಾಯಿ ಹಾಕುತ್ತವೆ, ಕೆಫೀನ್ ಅವಕ್ಕೆ ಆಗಿಬರುವುದಿಲ್ಲ.

ಲ್ಯಾಬ್ರಡಾರ್ ಎಂದಿರಿ. ಕೊಟ್ಟಷ್ಟೂ ತಿನ್ನುವ ಜಾತಿ. ದಿನದ ಆಹಾರದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಿಂಡಿ ಬೇಡ. ನನ್ನನ್ನು ಕೇಳಿದರೆ ಮಳೆಗಾಲ ಮುಗಿಯುವವರೆಗೆ ಬಿಸ್ಕತ್ತೇ ಬೇಡ. ಬೇಯಿಸಿದ ಮೊಟ್ಟೆಯ ಚೂರು, ಗಜ್ಜರಿ, ಸೌತೆಕಾಯಿಯ ಹೋಳು, ಬೆಂದ ಗೆಣಸು ಕೊಡಿ. ಅಂದಿನದು ಅಂದಿಗೆ.

ಮಾಡಲೇಬೇಕೆಂದರೆ ರಾಗಿ. ಗೋಧಿಯೂ ಆದೀತು, ಆದರೆ ರಾಗಿ ನಮ್ಮ ಮನೆಯಲ್ಲಿ ಹೇಗೂ ಇರುತ್ತದೆ. ಎರಡು ಲೋಟ ಹಿಟ್ಟು, ಒಂದು ಮೊಟ್ಟೆ, ಕಲಸಲು ಉಪ್ಪಿಲ್ಲದ ಕೋಳಿ ಬೇಯಿಸಿದ ನೀರು. ಬೆಲ್ಲ ಬೇಡ, ಕುಂಬಳ ಬೇಡ. ಚಪಾತಿಗಿಂತ ಚೂರು ದಪ್ಪಗೆ ಲಟ್ಟಿಸಿ, ಅಡಿಕೆ ಹೋಳಿನಷ್ಟು ಕತ್ತರಿಸಿ, ಸಣ್ಣ ಉರಿಯಲ್ಲಿ ಹೊತ್ತು ಹಿಡಿಸಿ ಬೇಯಿಸಿ. ಓವನ್ ಆರಿಸಿದ ಮೇಲೂ ಬಾಗಿಲು ಓರೆ ಮಾಡಿ ಒಳಗೇ ಬಿಡಿ. ಪೂರ್ತಿ ತಣ್ಣಗಾದ ಮೇಲೆ ಒಂದನ್ನು ಮುರಿಯಿರಿ. ಚಟ್ಟನೆ ಮುರಿಯದೆ ಬಾಗಿದರೆ ಮತ್ತೆ ಓವನ್‌ಗೆ ಹಾಕಿ. ಎರಡು ದಿನಕ್ಕಾಗುವಷ್ಟು ಮಾಡಿದರೆ ಸಾಕು. ಮೂರನೆಯ ದಿನ ಉಳಿದದ್ದನ್ನು ತಿಪ್ಪೆಗೂ ಎಸೆಯಬೇಡಿ, ಲ್ಯಾಬ್ರಡಾರ್ ಹುಡುಕಿಕೊಂಡು ಹೋಗುತ್ತದೆ. ಒಲೆಗೆ ಹಾಕಿ.