ಗೋಡೆ ಮೇಲಿನ ಲೋಟ

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಮನೆ. ಆರನೇ ಕ್ಲಾಸಿನ ಮಗಳು ಶಾಲೆಯ ಮ್ಯಾಗಜಿನ್‌ಗೆ ಕಾಮಿಕ್ಸ್ ಬಿಡಿಸಿದ್ದಾಳೆ. ಅದರಲ್ಲಿ ಅಡಿಕೆ ಸುಲಿಯಲು ಬರುವ ಅಕ್ಕನಿಗೆ ಅಜ್ಜಿ ಹಿತ್ತಲಲ್ಲಿ, ಬೇರೆ ಲೋಟಕ್ಕೆ ಮೇಲಿಂದ ಚಾ ಹೊಯ್ಯುತ್ತಾರೆ. ಅಕ್ಕ ಅದನ್ನು ತೊಳೆದು ಬಚ್ಚಲ ಗೋಡೆ ಮೇಲೆ ಕವುಚಿ ಇಡುತ್ತಾಳೆ. ಎಲ್ಲ ನಮ್ಮ ಮನೆಯದ್ದೇ. ಅತ್ತೆ ನೋಡಿ ಊಟ ಬಿಟ್ಟಿದ್ದಾರೆ. ಮಕ್ಕಳಿಗೆ ಇಂಥದ್ದೆಲ್ಲ ಯಾಕೆ, ಲೋಟ ಅಳಿಸು ಅಂತಾರೆ ಗಂಡ. ಏನು ಮಾಡಲಿ?

ಅಳಿಸಬೇಡಿ. ಮೊದಲು ಗೋಡೆ ಮೇಲಿರುವ ಲೋಟ ತೆಗೆಯಿರಿ.

ಮಕ್ಕಳಿಗೆ ಯಾಕೆ ಅಂತಾರಲ್ಲ, ಅಂಬೇಡ್ಕರ್ ಅವರಿಗೆ ಇದು ಗೊತ್ತಾಗಿದ್ದೇ ಶಾಲೆಗೆ ಹೋಗುವ ವಯಸ್ಸಲ್ಲಿ. ಬಾಯಾರಿದರೂ ನಲ್ಲಿ ಮುಟ್ಟುವಂತಿರಲಿಲ್ಲ, ಜವಾನ ಬಂದು ತಿರುಗಿಸಬೇಕಿತ್ತು, ಅವನಿಲ್ಲದ ದಿನ ನೀರೇ ಇಲ್ಲ. 2011ರಲ್ಲಿ ಬಂದ ‘ಭೀಮಾಯಣ’ ಅನ್ನುವ ಚಿತ್ರಕಥೆಯಲ್ಲಿ ಇದೆಲ್ಲ ಇದೆ. ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಬಿಡಿಸಿದ್ದು. ಅದರಲ್ಲಿ ಮೆತ್ತಗಿನ ಮಾತಿನ ಗುಳ್ಳೆ ಹಕ್ಕಿಯ ಹಾಗಿರುತ್ತದೆ, ಚುಚ್ಚುವ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ! ಸಿಕ್ಕಿದರೆ ಮಗಳಿಗೆ ಕೊಡಿಸಿ, ಗಂಡನೂ ಓದಲಿ.

ಆದರೆ ನೀವು ಕಳಿಸಿದ ಫೋಟೋ ನೋಡಿದಾಗ ನನಗೆ ಒಂದು ವಿಷಯ ಕಾಡಿತು. ಆರು ಚೌಕಗಳಲ್ಲಿ ಅಜ್ಜಿ ಮಾತಾಡುತ್ತಾರೆ, ಹುಡುಗಿ ಮಾತಾಡುತ್ತಾಳೆ, ಅಕ್ಕನಿಗೆ ಮಾತ್ರ ಒಂದು ಗುಳ್ಳೆಯೂ ಇಲ್ಲ. ನಿಮ್ಮ ಪತ್ರದಲ್ಲೂ ಅತ್ತೆಯ ಬೇಜಾರು ಇದೆ, ಗಂಡನ ಸಿಟ್ಟು ಇದೆ, ಅಕ್ಕ ಏನಂತಾರೆ ಅನ್ನುವುದು ಇಲ್ಲ. ಕಥೆ ಅವರದ್ದಲ್ವಾ? ಅವರ ಮಕ್ಕಳೂ ಅದೇ ಶಾಲೆಯಲ್ಲಿರಬಹುದು.

ಅವರನ್ನು ಕೇಳಿ. ಸುಮ್ನೆ ಹೋಗುವಾಗ ಬರುವಾಗ ಕೇಳಬೇಡಿ, ಕೂಲಿ ಕೊಡುವ ಮನೆಯವರು ಕೇಳಿದರೆ ‘ಬೇಡ’ ಅನ್ನುವುದು ಯಾರಿಗಾದರೂ ಕಷ್ಟ. ಬೇಡ ಅಂದರೂ ಕೆಲಸಕ್ಕೆ ಏನೂ ತೊಂದರೆಯಿಲ್ಲ ಅಂತ ಮೊದಲೇ ಹೇಳಿ. ಅವರು ಸ್ವಲ್ಪ ಹಿಂಜರಿದರೂ ಮ್ಯಾಗಜಿನ್‌ಗೆ ಕೊಡಬೇಡಿ. ಒಪ್ಪಿದರೆ ಮುಖ, ಮನೆ ಗುರುತು ಸಿಗದ ಹಾಗೆ ಬದಲಿಸಲಿ. ಅಜ್ಜಿಯದ್ದೂ ಅಷ್ಟೇ.

ಅತ್ತೆ ಕೆಟ್ಟವರು ಅಂತ ನಾನು ಹೇಳಲ್ಲ. ಮದುವೆಯಾಗಿ ಬಂದಾಗ ಅವರಿಗೂ ಯಾರೋ ಇದನ್ನೇ ಕಲಿಸಿರುತ್ತಾರೆ. ಪಕ್ಕದಲ್ಲಿ ಕೂತು ಮಾತಾಡಿ, ಊಟ ಮಾಡಿಸಿ. ಆದರೆ ಅವರಿಗೆ ಬೇಜಾರಾಗುತ್ತದೆ ಅಂತ ಆ ಲೋಟ ಅಲ್ಲೇ ಇರಬಾರದು.

ನಾಳೆ ಚಾ ಹೊತ್ತಿಗೆ ಅಕ್ಕನನ್ನು ಜಗಲಿಗೆ ಕರೆಯಿರಿ. ನೀವು ಕುಡಿಯುವ ಲೋಟದಲ್ಲೇ ಕೊಡಿ, ತೊಳೆಯುವುದೂ ನೀವೇ. ಕಾಮಿಕ್ಸ್ ತೋರಿಸುವ ಮಾತು ಅವತ್ತು ಬೇಡ, ಒಂದೆರಡು ವಾರ ಹೋಗಲಿ.